ತುಮಕೂರಿನಲ್ಲಿ ಮೂರು ಬಾಡಿಗೆ ಮನೆಗಳ ಕಟ್ಟಡ: ಸಾಲ ಮಾಡಿ ಕೊಳ್ಳಬಹುದೇ?

ಪ್ರಶ್ನೆ: ನಾನು ತಿಪಟೂರಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಈ ವರ್ಷ 60 ತುಂಬುತ್ತದೆ, ನಿವೃತ್ತಿ. ಬರುವ ಹಣ, ಇರುವ ಉಳಿತಾಯ ಸೇರಿದರೆ ಸುಮಾರು 62 ಲಕ್ಷ ರೂಪಾಯಿ. ಪಿಂಚಣಿ ಬೇರೆ ಇದೆ. ತಿಪಟೂರಿನಲ್ಲಿ ಸ್ವಂತ ಮನೆ ಇದೆ, ಮಹಡಿ ಕಟ್ಟಿಲ್ಲ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ತುಮಕೂರಿನ ಮರಳೂರು ಕಡೆ 30-40 ಸೈಟಿನಲ್ಲಿ ಮೂರು ಮನೆಗಳ ಕಟ್ಟಡ 85 ಲಕ್ಷಕ್ಕೆ ಮಾರಾಟಕ್ಕಿದೆ. ಕೆಳಗಿನ ಮನೆಗೆ 11,000, ಮೊದಲ ಮಹಡಿಗೆ 10,000, ಅದರ ಮೇಲೆ ಆಮೇಲೆ ಕಟ್ಟಿದ ಚಿಕ್ಕ ಮನೆಗೆ 6,000 ಬಾಡಿಗೆ ಬರುತ್ತಿದೆ. ಮೇಲಿನ ಎರಡೂ ಮನೆಗೆ ಒಂದೇ ಕರೆಂಟ್ ಮೀಟರ್. 30 ಲಕ್ಷ ಸಾಲ ಮಾಡಿದರೆ ಬಾಡಿಗೆಯಲ್ಲೇ ಕಂತು ತೀರುತ್ತದೆ ಅನ್ನುತ್ತಾರೆ ಬ್ರೋಕರ್. ಮೊದಲ ಮಹಡಿಯನ್ನು ಭೋಗ್ಯಕ್ಕೆ ಕೊಟ್ಟರೆ ಸಾಲ ಇನ್ನೂ ಕಡಿಮೆ ಮಾಡಬಹುದಂತೆ. ಒಂದು ಲಕ್ಷ ಟೋಕನ್ ಕೊಡಿ ಎಂದು ಅವಸರ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೇಡಂ, ನೇರವಾಗಿ ಹೇಳಿಬಿಡುತ್ತೇನೆ. ಈ ಕಟ್ಟಡವನ್ನು ಈ ಬೆಲೆಗೆ, ಅದೂ ಸಾಲ ಮಾಡಿ ಕೊಳ್ಳಬೇಡಿ. ಬಾಡಿಗೆ ಮನೆಯೇ ಬೇಡ ಎಂದು ಹೇಳುತ್ತಿಲ್ಲ. ನಾನು ಬ್ಯಾಂಕಿನಲ್ಲಿ 19 ವರ್ಷ ಮನೆ ಸಾಲದ ಕಡತ ನೋಡಿ ನಿವೃತ್ತನಾದವನು. ತುಮಕೂರಿನಲ್ಲೇ ನನಗೆ ನಾಲ್ಕು ಬಾಡಿಗೆ ಮನೆಗಳಿವೆ. ಅವುಗಳಿಂದ ನಮ್ಮ ಸಂಸಾರಕ್ಕೆ ಒಳ್ಳೆಯದೇ ಆಗಿದೆ. ಆದರೆ ಅವು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇವೆ. ಮೋಟಾರ್ ಕೆಟ್ಟರೆ ಹತ್ತು ನಿಮಿಷದಲ್ಲಿ ನಾನು ಅಲ್ಲಿರುತ್ತೇನೆ. ನೀವು ತಿಪಟೂರಿನಿಂದ ರೈಲು ಹಿಡಿದು ಬರಬೇಕು. ಈ ವ್ಯತ್ಯಾಸ ಬ್ರೋಕರ್ ಹಾಕಿದ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಮೊದಲು ಅವರ ಲೆಕ್ಕವನ್ನೇ ನೋಡೋಣ. ತಿಂಗಳಿಗೆ 27,000, ವರ್ಷಕ್ಕೆ 3,24,000. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನೀವು ಕೊಡುವುದು 85 ಲಕ್ಷ ಮಾತ್ರ ಅಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲಾ ಸೇರಿ ಶೇ 7.5 ದಾಟುತ್ತದೆ. ಅಂದರೆ ಇನ್ನೂ ಆರೂವರೆ ಲಕ್ಷದ ಹತ್ತಿರ. ಬ್ರೋಕರ್ ಕಮಿಷನ್ ಬಿಟ್ಟೇ ಕಟ್ಟಡ ನಿಮಗೆ 91 ಲಕ್ಷಕ್ಕೆ ಬೀಳುತ್ತದೆ.

ಇನ್ನು ಬಾಡಿಗೆ. ಮೂರು ಮನೆಗೂ ವರ್ಷದ ಹನ್ನೆರಡು ತಿಂಗಳು ಬಾಡಿಗೆ ಬರುವುದಿಲ್ಲ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದೆ. ಸರಾಸರಿ ಒಂದು ತಿಂಗಳು ಹಿಡಿಯಿರಿ, 27,000 ಹೋಯಿತು. ಕಂದಾಯ 12,000 ಅಂತ ಇಟ್ಟುಕೊಳ್ಳೋಣ. ಸಂಪು, ಟ್ಯಾಂಕ್ ತೊಳೆಸುವುದು, ಮೆಟ್ಟಿಲ ದೀಪ, ಗುಡಿಸುವವರ ಸಂಬಳ ಸೇರಿ ಇನ್ನೊಂದು 12,000. ಮೂರು ವರ್ಷಕ್ಕೊಮ್ಮೆ ಸುಣ್ಣ-ಬಣ್ಣ, ವರ್ಷದ ಪಾಲು 15,000. ನಲ್ಲಿ, ಮೋಟಾರ್, ಕಮೋಡ್, ಬಾಗಿಲು, ಸೋರಿಕೆ ಇಂಥವಕ್ಕೆಲ್ಲ ವರ್ಷಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ನಾನು ಯಾವಾಗಲೂ ತೆಗೆದಿಡುತ್ತೇನೆ. ಎಲ್ಲಾ ಕಳೆದರೆ ಉಳಿಯುವುದು 2,31,000. ಹಾಕಿದ 91 ಲಕ್ಷಕ್ಕೆ ವರ್ಷಕ್ಕೆ ಶೇ 2.5ರಷ್ಟು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2 ಆಯಿತು. ಆ ದರದಲ್ಲಿ 30 ಲಕ್ಷಕ್ಕೆ ವರ್ಷಕ್ಕೆ 2,46,000, ಮೂರು ತಿಂಗಳಿಗೊಮ್ಮೆ 61,500. ಸೇರುವ ದಿನದ ದರವೇ ಐದು ವರ್ಷ ನಡೆಯುತ್ತದೆ. 91 ಲಕ್ಷದ ಕಟ್ಟಡ ಕೊಡುವುದಕ್ಕಿಂತ ಜಾಸ್ತಿ, ಅದರ ಮೂರನೇ ಒಂದು ಭಾಗದ ಹಣದಲ್ಲಿ. ಬಾಡಿಗೆ ವರ್ಷ ವರ್ಷ ಏರುತ್ತದೆ, ನೆಲದ ಬೆಲೆಯೂ ಏರಬಹುದು, ಬಡ್ಡಿ ಏರುವುದಿಲ್ಲ, ನಿಜ. ಆದರೆ ನಿಮಗೆ ಬೇಕಿರುವುದು ತಿಂಗಳ ಆದಾಯ. ಅರವತ್ತರ ಮೇಲೆ ನೆಲದ ಬೆಲೆ ಏರಲಿ ಎಂದು ಕಾಯುತ್ತಾ ತಿಂಗಳ ಖರ್ಚಿಗೆ ಪರದಾಡಿದವರನ್ನು ನಾನು ಬ್ಯಾಂಕಿನಲ್ಲಿ ತುಂಬ ನೋಡಿದ್ದೇನೆ.

ಸಾಲದ ಮಾತು ಇನ್ನೂ ಕಷ್ಟದ್ದು. ನಿಮ್ಮ ವಯಸ್ಸಿಗೆ ಬ್ಯಾಂಕು ಉದ್ದನೆಯ ಅವಧಿ ಕೊಡುವುದಿಲ್ಲ. ಹತ್ತು ವರ್ಷ ಕೊಟ್ಟರು, ಬಡ್ಡಿ ಶೇ 8.5 ಅಂತಿಟ್ಟುಕೊಳ್ಳಿ. 30 ಲಕ್ಷಕ್ಕೆ ತಿಂಗಳ ಕಂತು 37,000 ದಾಟುತ್ತದೆ. ಮಗನನ್ನು ಸೇರಿಸಿಕೊಂಡು ಹದಿನೈದು ವರ್ಷ ಮಾಡಿಸಿದರೂ 29,500. ಮೂರೂ ಮನೆಗಳ ಬಾಡಿಗೆ ಪೂರ್ತಿ ಬಂದರೂ 27,000. ಬಾಡಿಗೆಯಲ್ಲೇ ಕಂತು ತೀರುತ್ತದೆ ಎಂದರೆ ಅದು ಸುಳ್ಳು. ಪ್ರತಿ ತಿಂಗಳು ಪಿಂಚಣಿಯಿಂದ ತೆಗೆದು ಹಾಕಬೇಕಾಗುತ್ತದೆ.

ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಬಂದಿದೆ, ಮೆಟ್ರೊ ಬರುತ್ತದೆ, ಬೆಲೆ ಡಬಲ್ ಆಗುತ್ತದೆ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದ್ದು ನಿಜ. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳಿಗೆ ಕೆಲಸಕ್ಕೆ ಹೋಗುವವರು ಊರಿನಲ್ಲಿ ಮನೆ ಹುಡುಕುವುದೂ ನಿಜ. ಆದರೆ ಮೆಟ್ರೊ ಸದ್ಯಕ್ಕೆ ಮಾದಾವರದವರೆಗೆ ಬಂದಿದೆ, ಅದೂ 2024ರ ನವೆಂಬರ್‌ನಲ್ಲಿ. ತುಮಕೂರಿನವರೆಗಿನ ಮಾರ್ಗ ಇನ್ನೂ ಕಾಗದದ ಮೇಲಿದೆ. ಕಾಗದದ ಮೇಲಿನ ಮೆಟ್ರೊಗೆ ಇವತ್ತೇ ದುಡ್ಡು ಕೊಡಬೇಡಿ. ನಮ್ಮೂರಲ್ಲಿ ಮನೆಗೆ ಬಾಡಿಗೆ ತರುವುದು ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಎಸ್‌ಐಟಿಯಂಥ ಕಾಲೇಜು, ಆಸ್ಪತ್ರೆ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಬೆಳಗಿನ ಜಾವ ಸ್ಟೇಷನ್ ಮುಟ್ಟುವುದು ಸುಲಭ ಇರಬೇಕು, ಅಷ್ಟೆ.

ಈಗ ಆ ಕಟ್ಟಡದ ಬಗ್ಗೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು "ಆಮೇಲೆ ಕಟ್ಟಿದ" ಎನ್ನುವ ಮಾತು. ಆ ಚಿಕ್ಕ ಮನೆ ಮಂಜೂರಾದ ನಕ್ಷೆಯಲ್ಲಿ ಇದೆಯಾ? ಇಲ್ಲದಿದ್ದರೆ ಬ್ಯಾಂಕಿನಿಂದ ಬರುವ ಇಂಜಿನಿಯರ್ ಅದಕ್ಕೆ ಬೆಲೆ ಕಟ್ಟುವುದಿಲ್ಲ. ನಾನೇ ಎಷ್ಟೋ ಕಡತಗಳಲ್ಲಿ ಹೀಗೆ ಸಾಲದ ಮೊತ್ತ ಇಳಿಸಿದ್ದೇನೆ. ನೀವು ಮೂರು ಮನೆಗೆ ದುಡ್ಡು ಕೊಡುತ್ತೀರಿ, ಬ್ಯಾಂಕು ಎರಡನ್ನೇ ಎಣಿಸುತ್ತದೆ. ಮಧ್ಯದ ಹಣ ಎಲ್ಲಿಂದ ತರುತ್ತೀರಿ?

ಎರಡನೆಯದು ಸೋರಿಕೆ. ಹಳೆ ತಾರಸಿಯ ಮೇಲೆ ಆಮೇಲೆ ಬಾತ್‌ರೂಮ್ ಕೂರಿಸಿದರೆ ಪೈಪು ಹಾಯಿಸಲು ಎಲ್ಲೋ ಒಂದು ಕಡೆ ತೂತು ಹೊಡೆದಿರುತ್ತಾರೆ. ಅಲ್ಲಿಂದ ಕೆಳಗಿನ ಮನೆಯ ಗೋಡೆಗೆ ತೇವ ಇಳಿಯುತ್ತದೆ. ಮಾರುವವರು ಅದರ ಮೇಲೆ ಹೊಸದಾಗಿ ಬಣ್ಣ ಬಳಿದು ತೋರಿಸುತ್ತಾರೆ. ಆದ್ದರಿಂದ ಮನೆ ನೋಡುವುದಾದರೆ ನಮ್ಮ ಕಡೆ ಜೋರು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೋಡಬೇಕು. ಮೊದಲ ಮಹಡಿಯ ಬಾತ್‌ರೂಮಿನ ಚಾವಣಿಗೆ ಅಂಗೈ ಇಟ್ಟು ನೋಡಿ. ವಾರ್ಡ್‌ರೋಬಿನ ಬಾಗಿಲು ತೆಗೆದು ಒಳಗೆ ಮೂಸಿ ನೋಡಿ. ಬಣ್ಣ ಬಳಿದರೂ ವಾಸನೆ ಹೋಗಿರುವುದಿಲ್ಲ.

ಮೂರನೆಯದು ಮೀಟರ್. ಇದನ್ನು ಜನ ಚಿಕ್ಕ ವಿಷಯ ಅಂದುಕೊಳ್ಳುತ್ತಾರೆ. 2023ರ ಜುಲೈನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇದು ದೊಡ್ಡ ವಿಷಯವಾಗಿದೆ. ಬಾಡಿಗೆಗೆ ಇರುವವರೂ ತಮ್ಮ ಆಧಾರ್ ಜೋಡಿಸಿ ಆ ಸೌಲಭ್ಯ ಪಡೆಯಬಹುದು. ಆದರೆ ಒಂದು ಮೀಟರಿಗೆ ಒಬ್ಬರದೇ ಆಧಾರ್. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಇಬ್ಬರ ಯೂನಿಟ್ಟೂ ಒಂದೇ ಲೆಕ್ಕಕ್ಕೆ ಬೀಳುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆಮೇಲೆ ಯಾರು ಎಷ್ಟು ಸುಟ್ಟರು ಎಂದು ಎರಡು ಮನೆಯವರ ಜಗಳ, ನಡುವೆ ನೀವು. ಬೇರೆ ಮೀಟರ್ ಹಾಕಿಸಿಕೊಂಡರಾಯಿತು ಅಂತ ಅನಿಸಬಹುದು. ಆದರೆ ಕಟ್ಟಡಕ್ಕೆ ಸ್ವಾಧೀನ ಪತ್ರ (ಒ.ಸಿ., ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಕೊಡುವ ಪತ್ರ) ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಮೊದಲಿನಷ್ಟು ಸಲೀಸಾಗಿಲ್ಲ. ಚಿಕ್ಕ ಮನೆಗಳಿಗೆ ವಿನಾಯಿತಿಯ ನಿಯಮಗಳು ಬದಲಾಗುತ್ತಲೇ ಇವೆ. ಈ ಕಟ್ಟಡಕ್ಕೆ ಇನ್ನೊಂದು ಮೀಟರ್ ಸಿಗುತ್ತದಾ ಎಂದು ಬೆಸ್ಕಾಂ ಕಚೇರಿಯಲ್ಲಿ ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೊಟ್ಟು ಕೇಳದೆ ಮುಂದಕ್ಕೆ ಹೋಗಬೇಡಿ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ, ಅದಕ್ಕೆ ವಕೀಲರೇ ಬೇಕು. ಇ-ಖಾತಾ ಮಾರುವವರ ಹೆಸರಿಗೇ ಇರಬೇಕು. ಮೂಲ ಪತ್ರದಿಂದ ಇವತ್ತಿನವರೆಗಿನ ಕೊಂಡಿ ಎಲ್ಲೂ ತಪ್ಪಬಾರದು. ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ. ಭೂಪರಿವರ್ತನೆ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇಲ್ಲದ ರೆವಿನ್ಯೂ ಸೈಟು, ಬಿ ಖಾತಾ ಅಂತ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. "ಮುಂದೆ ಎ ಖಾತಾ ಆಗುತ್ತೆ" ಎನ್ನುವ ಮಾತಿಗೆ ನಿಮ್ಮ ಇಷ್ಟು ವರ್ಷದ ದುಡಿಮೆ ಒಡ್ಡಬೇಡಿ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ಈಗಿರುವ ಮೂವರು ಬಾಡಿಗೆದಾರರು ಕೊಟ್ಟ ಅಡ್ವಾನ್ಸ್ ಹಳೆ ಮಾಲೀಕರ ಹತ್ತಿರ ಇದೆ. ನಾಳೆ ಅವರು ಖಾಲಿ ಮಾಡುವಾಗ ನಿಮ್ಮ ಹತ್ತಿರ ಕೇಳುತ್ತಾರೆ. ಆ ಮೊತ್ತವನ್ನು ಕ್ರಯದ ಹಣದಲ್ಲೇ ಕಳೆದುಕೊಳ್ಳಬೇಕು. ಮೂರೂ ಮನೆಯವರ ಕರಾರು ಪತ್ರ ಕೇಳಿ ತೆಗೆದುಕೊಳ್ಳಿ. ಅಡ್ವಾನ್ಸ್ ಎಷ್ಟು ಎಂದು ಬಾಡಿಗೆದಾರರ ಬಾಯಿಂದಲೇ ಕೇಳಿ.

ನೀರಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ತುಮಕೂರಿನಲ್ಲಿ ಬಾಡಿಗೆ ಮನೆ ನಡೆಸುವುದು ಅಂದರೆ ಅರ್ಧ ನೀರು ನಡೆಸುವುದೇ. ಊರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಬರುತ್ತದೆ. ಆ ಕಟ್ಟಡದ ಬೀದಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬಿಡುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳಬೇಕು, ಮಾರುವವರನ್ನಲ್ಲ. ಸಂಪು ಎಷ್ಟು ಲೀಟರಿನದು? ಮೂರು ಸಂಸಾರ ಅಂದರೆ ಹತ್ತು ಹನ್ನೆರಡು ಜನ. ಬೋರ್ ಇದ್ದರೆ ಏಪ್ರಿಲ್‌ನಲ್ಲಿ ನೀರು ನಿಲ್ಲುತ್ತದಾ? ನೀರು ಗಡಸಾಗಿದ್ದರೆ ಗೀಸರ್, ಷವರ್, ನಲ್ಲಿ ಎಲ್ಲಾ ಬೇಗ ಕಟ್ಟಿಕೊಳ್ಳುತ್ತವೆ, ಆ ರಿಪೇರಿಯೂ ನಿಮ್ಮದೇ.

ನಾನು ಉಪ್ಪಾರಹಳ್ಳಿ ಕಡೆಯ ನನ್ನ ಮೊದಲ ಮನೆ ತೆಗೆದುಕೊಂಡಾಗ ಬೋರ್‌ವೆಲ್ ನೋಡಿ ಖುಷಿಪಟ್ಟಿದ್ದೆ. ಮೂರನೇ ಬೇಸಿಗೆಗೆ ಅದು ಬತ್ತಿತು. ಎರಡು ತಿಂಗಳು ಟ್ಯಾಂಕರ್ ಹಾಕಿಸಿದೆ. ಆ ವರ್ಷ ಆ ಮನೆಯ ಬಾಡಿಗೆಯಲ್ಲಿ ಏನೂ ಉಳಿಯಲಿಲ್ಲ. ಟ್ಯಾಂಕರ್ ಖರ್ಚು ಯಾರದು ಎಂದು ಕರಾರಿನಲ್ಲಿ ಬರೆದಿರಲಿಲ್ಲ. ಬರೆದಿದ್ದರೂ, ನೀರಿಲ್ಲದ ಮನೆಗೆ ಬಾಡಿಗೆ ಹೇಗೆ ಕೇಳುವುದು? ಅದಾದ ಮೇಲೆ ಎರಡು ಕೆಲಸ ಮಾಡಿದೆ. ತಾರಸಿಯ ಮಳೆನೀರು ಸೋಸಿ ಸಂಪಿಗೆ ಬರುವ ಹಾಗೆ ಪೈಪು ಹಾಕಿಸಿದೆ. ಪ್ರತಿ ಮನೆಗೂ ಮೇಲೆ ಬೇರೆ ಬೇರೆ ಟ್ಯಾಂಕ್ ಇಟ್ಟೆ. ಒಂದೇ ಟ್ಯಾಂಕಿನಿಂದ ಮೂರು ಮನೆ ನೀರು ತೆಗೆದರೆ ಯಾರಿಗೂ ಉಳಿಸುವ ಮನಸ್ಸು ಬರುವುದಿಲ್ಲ. ಟ್ಯಾಂಕ್ ಬೇರೆ ಆದ ಮೇಲೆ ನಮ್ಮಲ್ಲಿ ನೀರಿನ ಜಗಳ ನಿಂತೇ ಹೋಯಿತು.

ಬಾಡಿಗೆದಾರರ ಆಯ್ಕೆಯ ಬಗ್ಗೆ ನನಗೆ ಹೇಳಲೇಬೇಕಾದ ಮಾತೊಂದಿದೆ. ನಮ್ಮೂರಿನಲ್ಲಿ ಇವತ್ತಿಗೂ ಮನೆ ಕೇಳಲು ಬಂದವರಿಗೆ ಮೊದಲ ಪ್ರಶ್ನೆ "ನೀವು ಯಾವ ಪೈಕಿ?" ಎಂದೇ. ಆ ಪ್ರಶ್ನೆ ಕೇಳಬೇಡಿ. ಅದು ಮನುಷ್ಯರಿಗೆ ಮಾಡುವ ಅವಮಾನ. ವ್ಯವಹಾರಕ್ಕೂ ಅದರಿಂದ ಏನೂ ಉಪಯೋಗವಿಲ್ಲ. ನನ್ನ ಮನೆಗಳಲ್ಲಿ ಅತಿ ಹೆಚ್ಚು ವರ್ಷ ಇದ್ದ ಕುಟುಂಬ ಒಂಬತ್ತು ವರ್ಷ ಇತ್ತು. ಅವರಿಗೆ ಮನೆ ಕೊಡಬೇಡಿ ಎಂದು ಅಕ್ಕಪಕ್ಕದವರು ಬಂದು ಹೇಳಿದ್ದರು. ಒಂಬತ್ತು ವರ್ಷದಲ್ಲಿ ಬಾಡಿಗೆ ಒಂದು ದಿನ ತಪ್ಪಲಿಲ್ಲ. ನಾನು ಕೇಳುವುದು ಇಷ್ಟೆ: ಎಲ್ಲಿ ಕೆಲಸ, ಎಷ್ಟು ಜನ, ಈಗ ಯಾವ ಮನೆಯಲ್ಲಿದ್ದೀರಿ, ಯಾಕೆ ಬಿಡುತ್ತಿದ್ದೀರಿ. ಸಾಧ್ಯವಾದರೆ ಆ ಹಳೆ ಮನೆಯ ಮಾಲೀಕರಿಗೆ ಒಂದು ಫೋನ್. ಬಾಡಿಗೆ ಅವರ ಸಂಬಳದ ಮೂರನೇ ಒಂದು ಭಾಗ ಮೀರಿದರೆ ಅವರಿಗೂ ಕಷ್ಟ, ನಮಗೂ ಕಷ್ಟ. ಅದನ್ನು ಮೊದಲೇ ಮಾತಾಡಿಕೊಳ್ಳುತ್ತೇನೆ.

ಮನೆ ಖಾಲಿಯಾಗುವ ಕಾಲವೂ ಮುಖ್ಯ. ಆಷಾಢದಲ್ಲಿ ಜನ ಮನೆ ಬದಲಾಯಿಸುವುದು ಕಡಿಮೆ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಬೀಗ ಹಾಕಿಕೊಂಡೇ ಇರುತ್ತದೆ. ಆದ್ದರಿಂದ ನನ್ನ ಕರಾರುಗಳೆಲ್ಲ ಏಪ್ರಿಲ್ ಅಥವಾ ಮೇ ತಿಂಗಳಿಗೆ ಮುಗಿಯುವ ಹಾಗೆ ಹೊಂದಿಸಿಕೊಂಡಿದ್ದೇನೆ. ಶಾಲೆ ಶುರುವಾಗುವ ಮೊದಲು ಮನೆ ಹುಡುಕುವವರು ಆಗ ಸಿಗುತ್ತಾರೆ. ಬಾಡಿಗೆ ಏರಿಸುವಾಗಲೂ ಇದೇ ಲೆಕ್ಕ ಮನಸ್ಸಿನಲ್ಲಿರಲಿ. 500 ರೂಪಾಯಿ ಏರಿಸಿದರೆ ವರ್ಷಕ್ಕೆ 6,000. ಅದಕ್ಕೆ ಬೇಸರಪಟ್ಟು ಒಳ್ಳೆಯವರು ಬಿಟ್ಟುಹೋದರೆ ಒಂದು ತಿಂಗಳ ಬಾಡಿಗೆ, ಸುಣ್ಣ-ಬಣ್ಣ, ಬ್ರೋಕರ್ ಸೇರಿ ಅದರ ನಾಲ್ಕು ಪಟ್ಟು ಕೈಬಿಡುತ್ತದೆ. ಚೆನ್ನಾಗಿ ನೋಡಿಕೊಳ್ಳುವವರಿಗೆ ನಾನು ಒಂದು ವರ್ಷ ಬಿಟ್ಟು ಒಂದು ವರ್ಷ ಏರಿಸುತ್ತೇನೆ.

ಕರಾರು ಹನ್ನೊಂದು ತಿಂಗಳಿಗೇ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಜಾಸ್ತಿ ವರ್ಷ ಬರೆದರೆ ಮನೆ ಬಾಡಿಗೆದಾರರ ಪಾಲಾಗುತ್ತದೆ ಎಂಬ ಭಯ ಊರೆಲ್ಲಾ ಇದೆ. ಅದು ತಪ್ಪು. ಬಾಡಿಗೆ ಕೊಟ್ಟುಕೊಂಡು ಇರುವವರು ಹನ್ನೆರಡು ವರ್ಷ ಇದ್ದರು ಅನ್ನುವ ಕಾರಣಕ್ಕೆ ಮಾಲೀಕರಾಗುವುದಿಲ್ಲ. ನಿಜವಾದ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಎಂದು ಹನ್ನೊಂದು ತಿಂಗಳು, ಅಷ್ಟೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, ಆದರೆ ಅದು ಕಡಿಮೆ ಬಾಡಿಗೆಯ ಮನೆಗಳಿಗೆ. ಪಟ್ಟಿಯಲ್ಲಿರುವ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ನಿಮ್ಮಂಥವರ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಕರಾರಿನಲ್ಲಿ ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಅದು ಹೇಳುವ ನೋಟಿಸ್ ಅವಧಿ 15 ದಿನ. ಹದಿನೈದು ದಿನದಲ್ಲಿ ಯಾವ ಸಂಸಾರವೂ ಬೇರೆ ಮನೆ ಹುಡುಕಿ ಹೋಗಲಾರದು. ಎರಡು ತಿಂಗಳು ಎಂದು ಬರೆದುಕೊಳ್ಳಿ. ಕೀ ಕೊಡುವ ದಿನ ಬಾಡಿಗೆದಾರರ ಎದುರಿಗೇ ಪ್ರತಿ ಕೋಣೆಯ ವಿಡಿಯೊ ಮಾಡಿ, ಮೀಟರ್ ರೀಡಿಂಗಿನ ಫೋಟೊ ಸೇರಿಸಿ, ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಅಡ್ವಾನ್ಸ್ ವಾಪಸ್ ಕೊಡುವ ದಿನ ಬರುವ ಮುಕ್ಕಾಲು ಪಾಲು ಮನಸ್ತಾಪ ಇದರಿಂದಲೇ ತಪ್ಪುತ್ತದೆ. ಆ ಅಡ್ವಾನ್ಸ್ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಡಿ. ಅದು ಅವರದು.

ಬಾಡಿಗೆ ಕೊಡದವರ ವಿಷಯಕ್ಕೆ ಬರುತ್ತೇನೆ. 2011ರ ಬೇಸಿಗೆಯಲ್ಲಿ ನನ್ನ ಒಂದು ಮನೆಯಲ್ಲಿ ಐದು ತಿಂಗಳ ಬಾಡಿಗೆ ನಿಂತಿತ್ತು. ಆತ ಡ್ರೈವರ್, ಕೆಲಸ ಹೋಗಿತ್ತು. ಪ್ರತಿ ಸಲ ಮುಂದಿನ ವಾರ ಎನ್ನುತ್ತಿದ್ದರು. ಒಂದು ದಿನ ಸಿಟ್ಟಿನಲ್ಲಿ ಅವರ ಮನೆಯ ನೀರಿನ ವಾಲ್ವ್ ತಿರುಗಿಸಿಬಿಟ್ಟೆ. ಸಂಜೆ ಹೋಗಿ ನೋಡಿದರೆ ಅವರ ವಯಸ್ಸಾದ ತಾಯಿ ಎದುರು ಮನೆಯಿಂದ ಕೊಡದಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅವತ್ತು ನಾನು ಮಾಡಿದ್ದು ತಪ್ಪು. ಆಗಲೇ ವಾಲ್ವ್ ತೆರೆದೆ. ಅದು ಕಾನೂನಿಗೂ ವಿರುದ್ಧ ಎಂಬುದು ಆಮೇಲೆ ವಕೀಲರಿಂದ ತಿಳಿಯಿತು. ನೀರು, ಕರೆಂಟು ಕಡಿಯುವುದು, ಬೀಗ ಹಾಕುವುದು, ಸಾಮಾನು ಹೊರಗಿಡುವುದು ಯಾವುದನ್ನೂ ಮಾಲೀಕರು ಮಾಡುವ ಹಾಗಿಲ್ಲ. ಹಾಗೆ ಬಲವಂತವಾಗಿ ಹೊರಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಪಡೆಯಬಹುದು. ಮಾಲೀಕರಿಗೆ ಇರುವ ದಾರಿ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ಅದು ವರ್ಷಗಟ್ಟಲೆ ಎಳೆಯುತ್ತದೆ.

ಮಾರನೇ ದಿನ ನಾನು ಅವರ ಮನೆಯಲ್ಲಿ ಕೂತು ಮಾತಾಡಿದೆ. ಅಡ್ವಾನ್ಸ್‌ನಲ್ಲಿ ಮೂರು ತಿಂಗಳದ್ದು ಕಳೆದುಕೊಂಡೆ, ಎರಡು ತಿಂಗಳದ್ದು ಬಿಟ್ಟೆ. ನಲವತ್ತು ದಿನ ಸಮಯ ಕೊಟ್ಟೆ. ಹೇಳಿದ ದಿನ ಅವರು ಮನೆ ಗುಡಿಸಿ ಕೀ ಕೊಟ್ಟು ಹೋದರು. ಅದರಿಂದ ಕಲಿತದ್ದು: ಎರಡನೇ ತಿಂಗಳ ಬಾಡಿಗೆ ತಪ್ಪಿದ ವಾರವೇ ಹೋಗಿ ಕೂತು ಮಾತಾಡಬೇಕು, ಐದನೇ ತಿಂಗಳಿಗೆ ಕಾಯಬಾರದು. ಈಗ ಯೋಚಿಸಿ ಮೇಡಂ. ತಿಪಟೂರಿನಿಂದ ನೀವು ಈ ಮಾತು ಫೋನಿನಲ್ಲಿ ಆಡಬಲ್ಲಿರಾ?

ಭೋಗ್ಯ. ಇದರಲ್ಲಿ ನಮ್ಮ ಕಡೆಯವರು ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ಮಹಡಿಯನ್ನು ಮೂರು ವರ್ಷಕ್ಕೆ ಎಂಟು ಲಕ್ಷಕ್ಕೆ ಕೊಟ್ಟಿರಿ ಅನ್ನೋಣ. ಬಾಡಿಗೆ ಬರುವುದಿಲ್ಲ, ಮೂರು ವರ್ಷದ ನಂತರ ಎಂಟೂ ಲಕ್ಷ ವಾಪಸ್ ಕೊಡಬೇಕು. ಬಡ್ಡಿ ಇಲ್ಲದ ಹಣ ಎಂದು ಅನಿಸುತ್ತದೆ, ಅಲ್ವಾ? ಆದರೆ ನೀವು ಬಿಟ್ಟ ಬಾಡಿಗೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಎಂಟು ಲಕ್ಷಕ್ಕೆ ಅದು ಶೇ 15 ಬಡ್ಡಿ. ಬ್ಯಾಂಕಿನ ಶೇ 8.5ರ ಸಾಲ ತೀರಿಸಲು ಶೇ 15ರ ಸಾಲ ಮಾಡಿದ ಹಾಗಾಯಿತು. ಮೂರು ವರ್ಷದ ನಂತರ ಎಂಟು ಲಕ್ಷ ಒಟ್ಟಿಗೆ ಎಲ್ಲಿಂದ ಬರುತ್ತದೆ? ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಅವರ ಹಣದಲ್ಲಿ ಇವರಿಗೆ ಕೊಡುತ್ತಾರೆ. ಹೊಸಬರು ಸಿಗದಿದ್ದರೆ ಹಳಬರು ಮನೆ ಬಿಡುವುದಿಲ್ಲ. ಅವರ ತಪ್ಪೇನೂ ಇಲ್ಲ, ಅದು ಅವರ ಜೀವಮಾನದ ಉಳಿತಾಯ. ಅದೂ ಅಲ್ಲದೆ ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಬ್ಯಾಂಕಿನ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡುವುದು ಸಾಲದ ಕರಾರಿಗೆ ವಿರುದ್ಧ. ಸಾಲ ತಪ್ಪಿ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಂಡಾಗ, ಭೋಗ್ಯದ ಹಣ ಕಳೆದುಕೊಂಡು ಬ್ಯಾಂಕಿನ ಬಾಗಿಲಲ್ಲಿ ಅಳುತ್ತಾ ನಿಂತ ಕುಟುಂಬಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ತೆರಿಗೆ ಸುಲಭ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ರಿಪೇರಿ ಬಾಬ್ತು ಎಂದು ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಹಾಗಾದರೆ ಏನು ಮಾಡುವುದು? ನಿಮ್ಮ ಪತ್ರದಲ್ಲೇ ಉತ್ತರ ಇದೆ ಅನಿಸುತ್ತದೆ. ತಿಪಟೂರಿನ ನಿಮ್ಮ ಮನೆಗೆ ಮಹಡಿ ಇಲ್ಲ. ಬಾಡಿಗೆ ಮನೆಯ ಲಾಭವನ್ನು ತಿನ್ನುವುದು ಮುಖ್ಯವಾಗಿ ನೆಲದ ಬೆಲೆ. ಆ ನೆಲ ನಿಮ್ಮದೇ ಆಗಿದೆ, ನೋಂದಣಿ ಖರ್ಚೂ ಇಲ್ಲ. ಏಳು ಚದರದ (700 ಚದರ ಅಡಿಯ) ಒಂದು ಮನೆ, ಚದರಕ್ಕೆ 2.2 ಲಕ್ಷ ಹಿಡಿದರೂ 15.4 ಲಕ್ಷ. 7,000 ಬಾಡಿಗೆ ಬಂದರೆ ವರ್ಷಕ್ಕೆ 84,000, ಅಂದರೆ ಶೇ 5.5ರ ಹತ್ತಿರ. ಮರಳೂರಿನ ಕಟ್ಟಡ ಖರ್ಚು ಕಳೆಯುವ ಮೊದಲು ಕೊಡುವುದು ಶೇ 3.5. ಮೇಲಿನ ನಲ್ಲಿ ಸೋರಿದರೆ ನಿಮಗೆ ಕೆಳಗೆ ಕೂತೇ ಗೊತ್ತಾಗುತ್ತದೆ. ಮಗ ದೂರ ಇರುವಾಗ ಮನೆಯ ಮೇಲೆ ಒಂದು ಸಂಸಾರ ಇರುವುದು ನಿಮಗೆ ಧೈರ್ಯವೂ ಹೌದು. 30 ಲಕ್ಷ ಅಂಚೆ ಕಚೇರಿಗೆ ಹಾಕಿ. ಇನ್ನೂ 16 ಲಕ್ಷ ಆಸ್ಪತ್ರೆ, ಮದುವೆ, ಮುಂಜಿ ಅಂತ ಕೈಯಲ್ಲಿ ಉಳಿಯುತ್ತದೆ. ಸಾಲ ಒಂದು ರೂಪಾಯಿ ಇಲ್ಲ.

ಇದಕ್ಕೆ ಎರಡು ವಿಷಯ ತಿಳಿಯಬೇಕು. ನಿಮ್ಮ ಮನೆ ಪಿಲ್ಲರ್ ಮೇಲೆ ನಿಂತಿದೆಯೋ, ಬರೀ ಗೋಡೆಯ ಮೇಲೆ ನಿಂತಿದೆಯೋ? ಪಾಯ ಇನ್ನೊಂದು ಮಹಡಿ ತಡೆಯುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಿದರೆ ಸಾಲದು, ಇಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ನೋಡಿಸಿ. ಮೆಟ್ಟಿಲನ್ನು ಹೊರಗಿನಿಂದ ತರಲು ಜಾಗ ಇದೆಯಾ ಎಂಬುದನ್ನೂ ಅವರಿಂದಲೇ ಅಳೆಸಿ. ನಗರಸಭೆಯಲ್ಲಿ ಮಹಡಿಗೆ ನಕ್ಷೆ ಮಂಜೂರು ಮಾಡಿಸಿಕೊಂಡೇ ಕೆಲಸ ಶುರು ಮಾಡಬೇಕು. ಇಲ್ಲದಿದ್ದರೆ ಮೇಲಿನ ಮನೆಯ ಮೀಟರಿಗೆ ನೀವೇ ಅಲೆಯಬೇಕಾಗುತ್ತದೆ. ಈ ಎರಡು ಉತ್ತರ ಸಿಕ್ಕ ಮೇಲೆ ಮತ್ತೆ ಬರೆಯಿರಿ, ಕರಾರು ಪತ್ರದಲ್ಲಿ ಏನೇನಿರಬೇಕು ಎಂದು ಸಾಲು ಸಾಲಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಬ್ರೋಕರ್ ಎಷ್ಟೇ ಫೋನ್ ಮಾಡಿದರೂ ಆ ಒಂದು ಲಕ್ಷ ಟೋಕನ್ ಕೊಡಬೇಡಿ.